ಹತ್ತಿರ ಬಂದ ಮಿಡಿ

ವಯಸ್ಸಾದ ಸ್ನೇಹಿತರ ಉಡುಗೊರೆಗೆ ಹೊತ್ತು ಗೊತ್ತು ಇರುವುದಿಲ್ಲ. ಹುಟ್ಟುಹಬ್ಬವಲ್ಲ, ಗೃಹಪ್ರವೇಶವಲ್ಲ, ಜೂನ್ ತಿಂಗಳ ಒಂದು ಬೆಳಗಿನ ಜಾವ ಮೆಜೆಸ್ಟಿಕ್‌ನಿಂದ ಫೋನು: "ಸಾಗರದ ಬಸ್ಸಲ್ಲಿ ನಿಮಗೊಂದು ಭರಣಿ ಬಂದಿದೆ, ಬೇಗ ಬನ್ನಿ ಸಾರ್, ಬಾಯಲ್ಲಿ ನೀರೂರ್ತಿದೆ."

ಕಳಿಸಿದವರು ಮೇಷ್ಟ್ರು. ನಾನು ಸಾಗರದ ಬ್ಯಾಂಕಿನಲ್ಲಿದ್ದಾಗ ಪಕ್ಕದ ಮನೆಯವರು. ನನಗಿಂತ ಇಪ್ಪತ್ತು ಚಿಲ್ಲರೆ ವರ್ಷ ದೊಡ್ಡವರು, ಜಗಳಕ್ಕೆ ಮಾತ್ರ ಸಮವಯಸ್ಕರು. ಭರಣಿಯ ಬಾಯಿಗೆ ಬಿಳಿ ಬಟ್ಟೆ, ಅದರ ದಾರಕ್ಕೆ ಸಿಕ್ಕಿಸಿದ ಚೀಟಿ. ನಿವೃತ್ತಿಯಾದರೂ ಬಿಡದ ಕೆಂಪು ಶಾಯಿಯಲ್ಲಿ: "ಅಪ್ಪೆಮಿಡಿ. ಒದ್ದೆ ಸೌಟು ಹಾಕಬೇಡ. ಇದು ಸುಮಾರು ಹತ್ತಿರ ಬಂದಿದೆ."

ಯಾವುದಕ್ಕೆ ಹತ್ತಿರ ಎಂಬುದು ನನಗೆ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿಕೊಂಡಾಗ ಮೇಷ್ಟ್ರ ಊರು ನೀರೊಳಗೆ ಹೋಯಿತು. ಮನೆ, ತೋಟ, ಹೊಳೆದಂಡೆಯ ಅಪ್ಪೆ ಮಾವಿನ ಮರ. ಮನೆಯ ಬಗ್ಗೆ ಅವರು ಮಾತಾಡುವುದು ಕಡಿಮೆ; ಮರದ ಮಾತು ತೆಗೆದರೆ ಎಲೆಯಡಿಕೆ ಕೈಯಲ್ಲೇ ಬಾಡಬೇಕು. ಅದರ ಮಿಡಿಗೆ ಜೀರಿಗೆ ಪರಿಮಳವಂತೆ, ತೊಟ್ಟು ಮುರಿದರೆ ಸೊನೆ ಕಣ್ಣಿಗೇ ಚಿಮ್ಮುತ್ತಿತ್ತಂತೆ. ಗೊರಟು ನೆಟ್ಟರೆ ತಾಯಿಮರದ ಗುಣವೇ ಬರುವ ಭರವಸೆಯಿಲ್ಲ, ಕಸಿ ಕಟ್ಟಬೇಕು. ಪಾತ್ರೆ ಪಡಗ ಗಾಡಿಗೇರಿಸುವ ಗಡಿಬಿಡಿಯಲ್ಲಿ ಮರದ ಕಡ್ಡಿ ಕತ್ತರಿಸಿಕೊಳ್ಳಬೇಕೆಂದು ಯಾರಿಗೆ ಹೊಳೆದೀತು? ಅಲ್ಲಿಂದೀಚೆಗೆ ಪ್ರತಿ ಬೇಸಿಗೆ ಮೇಷ್ಟ್ರು ಯಾರ್ಯಾರದೋ ಬೇಣ, ಹೊಳೆದಂಡೆ ಸುತ್ತಿ ಮಿಡಿ ಮೂಸುತ್ತಾರೆ. ಮೂಸಿ, "ಉಹುಂ" ಅನ್ನುತ್ತಾರೆ. ಈ ಸಲ ಹತ್ತಿರ ಬಂದದ್ದನ್ನು, ಶರಾವತಿಯ ಕರೆಂಟಿನಲ್ಲಿ ಮಿಕ್ಸಿ ತಿರುಗಿಸುವ ನನಗೆ ಕಳಿಸಿಬಿಟ್ಟಿದ್ದಾರೆ.

ಉಪ್ಪಿನಲ್ಲಿ ಸುಕ್ಕುಗಟ್ಟಿದ ಮಿಡಿ. ತೊಟ್ಟು ಮಾತ್ರ ಸೆಟೆದು ನಿಂತಿದೆ. ಸಾಸಿವೆ ಖಾರದ ರಸ ತೊಟ್ಟಿಕ್ಕುತ್ತಿದ್ದ ಒಂದನ್ನು ಮೊಸರನ್ನದ ಜೊತೆ ಕಚ್ಚಿದೆ. ಕರಕ್ ಅಂದಿತು. ಆ ಕ್ಷಣದಿಂದ ನಾನು ಜಿಪುಣನಾದೆ. ನೆಂಟರಲ್ಲಿ ದರ್ಜೆಗಳಾದವು: ಕಾಫಿಯವರು, ಊಟದವರು, ಅಪ್ಪೆಮಿಡಿಯವರು. ಮೂರನೆಯ ಪಟ್ಟಿಯಲ್ಲಿ ನನ್ನ ಭಾವಮೈದುನನ ಹೆಸರಿಲ್ಲದ್ದು ಮನೆಯಲ್ಲಿ ಇನ್ನೂ ಆರದ ವಿಷಯ.

ಕಾರ್ತೀಕದ ಹೊತ್ತಿಗೆ ತಳ ಕಂಡಿತು. ಕೊಟ್ಟವರ ಭರಣಿಯನ್ನು ಬರಿದಾಗಿ ಹಿಂದೆ ಕಳಿಸುವ ಪದ್ಧತಿಯಿಲ್ಲ. ಏನು ತುಂಬುವುದು? ನಮ್ಮ ಫ್ಲಾಟಿನ ಬೆಳೆ ಎಂದರೆ ಒಂದು ಕುಂಡ ದೊಡ್ಡಪತ್ರೆ, ಒಂದು ಮನಿಪ್ಲಾಂಟು. ಸಿಹಿ ಕಳಿಸೋಣ ಎಂದಳು ಹೆಂಡತಿ. ಮೇಷ್ಟ್ರಿಗೆ ಸಕ್ಕರೆ ಕಾಯಿಲೆ. ಅವರನ್ನೇ ಕೇಳಿಬಿಟ್ಟೆ.

"ಮೇಷ್ಟ್ರೇ, ಭರಣಿಗೆ ಏನು ಹಾಕಲಿ?"

"ಉಪ್ಪು ಹಾಕಿಲ್ವಾ? ಸಮಾ ಹಾಕಿದ್ದೆ ಮಾರಾಯ!"

"ಅಯ್ಯೋ, ನಿಮಗೇನು ಬೇಕು?"

"ಇನ್ನೂ ಬೇಕಾ? ಆಗಲೇ ಮುಗಿಸಿದ್ಯಾ?"

ಕೊನೆಗೆ ಅವರ ಮಗಳು ಫೋನು ಕಿತ್ತುಕೊಂಡು ಹೇಳಿದಳು: ಕಿವಿ ಮಿಷನ್ನಿನ ಸೆಲ್ಲು ಮುಗಿದು ಬಹಳ ದಿನವಾಯಿತು, ಪೇಟೆಗೆ ಹೋದಾಗಲೆಲ್ಲ ತರಲು ಮರೆಯುತ್ತಾರೆ, "ಅಪ್ಪನಿಗೆ ಇದೇ ಆರಾಮಂತೆ."

ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆದಿತ್ತು. ಭರಣಿಯ ತುಂಬ ಹುರಿದ ಕಡಲೆಕಾಯಿ, ನಡುವೆ ಹುದುಗಿಸಿದ ಪೊಟ್ಟಣದಲ್ಲಿ ಪುಟಾಣಿ ಸೆಲ್ಲುಗಳು. ಮೇಷ್ಟ್ರ ಹಲ್ಲು ಗಟ್ಟಿ, ಅದೇ ಭಯ. ನಾನೂ ಕೆಂಪು ಶಾಯಿಯಲ್ಲೇ ಬರೆದೆ: "ಪೊಟ್ಟಣದಲ್ಲಿರುವುದನ್ನು ತಿನ್ನಬಾರದು."

ಮರುವಾರ ಫೋನು ಬಂತು. ಅಭ್ಯಾಸಬಲದಿಂದ ಇಡೀ ಅಪಾರ್ಟ್‌ಮೆಂಟಿಗೆ ಕೇಳುವಂತೆ ಕೂಗಿದೆ: "ಮೇಷ್ಟ್ರೇ, ತಲುಪಿತಾ?"

"ಯಾಕೆ ಕಿರುಚ್ತೀಯಾ? ಕೇಳಿಸ್ತದೆ. ಮುಂದಿನ ಸಲ ಮಿಡಿ ಕೊಯ್ಯುವಾಗ ನೀನೂ ಬಾ. ಈಗೀಗ ನನ್ನ ಮೂಗಿನ ಮೇಲೂ ನಂಬಿಕೆ ಸಾಲದು. ಅದಕ್ಕೆ ಮಿಷನ್ ಬಂದಿಲ್ಲ ನೋಡು."