ತೋಟದ ಲೆಕ್ಕದೊಳಗಿನ ಸರ್ವರ್

ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಲ್ಲಿ ಲೆಕ್ಕವೆಂದರೆ ಮೂರು ಪುಸ್ತಕ. ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ ಎಂಬುದಕ್ಕೆ ಚೆಕ್‌ರೋಲ್. ಕೊಯ್ದ ಹಣ್ಣಿಗೆ ತೂಕದ ಪುಸ್ತಕ. ಬೆಳಿಗ್ಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ಇಂಚು, ಸೆಂಟಿನಲ್ಲಿ ಬರೆದಿಡಲು ಮಳೆ ಪುಸ್ತಕ. ಮೂರೂ ಇರುತ್ತಿದ್ದದ್ದು ತೋಟದ ಗುಮಾಸ್ತ, ಅಂದರೆ ರೈಟರ ಮೇಜಿನ ಮೇಲೆ. ಬರೆಯುವವರೂ ಅವರೇ, ಓದುವವರೂ ಅವರೇ.

ತೊಂಬತ್ತರ ದಶಕದಲ್ಲಿ ಆಲೂರು ತಾಲ್ಲೂಕಿನ ಒಂದು ತೋಟದಲ್ಲಿ ರೈಟರಿಗೆ ಸಹಾಯಕನಾಗಿ ಈ ಪುಸ್ತಕಗಳನ್ನು ಬರೆದವನು ನಾನು. ಕೊಯ್ಲಿನ ದಿನಗಳಲ್ಲಿ ಸಂಜೆ ಕಣದ ಹತ್ತಿರ ಹೆಣ್ಣಾಳುಗಳು ಚೀಲ ಇಳಿಸಿ ಸಾಲಾಗಿ ನಿಲ್ಲುತ್ತಿದ್ದರು. ಕೊಯ್ಲಿಗೆ ಕಿಲೋ ಲೆಕ್ಕದ ಕೂಲಿ.

“ನಿನ್ನೆದು ಎಷ್ಟು ಬರ್ದಿದೀರಾ ರೈಟ್ರೇ?”

“ಎಲ್ಲಾ ಬರ್ದೀನಿ ಕಣಮ್ಮ, ಬಟವಾಡೆ ದಿನ ಗೊತ್ತಾಗುತ್ತೆ.”

ರೈಟರು ಸುಳ್ಳು ಬರೆಯುವವರಲ್ಲ. ಆದರೂ ತನ್ನ ಬೆವರಿನ ಲೆಕ್ಕವನ್ನು ಎಂಟು ದಿನ ಕಾದು ಕೇಳಿ ತಿಳಿಯಬೇಕಾದ ಆ ಹೆಂಗಸಿನ ಮುಖ ನನಗೆ ಆಗಲೂ ಸರಿಕಾಣುತ್ತಿರಲಿಲ್ಲ, ಈಗಲೂ ಕಾಣುವುದಿಲ್ಲ.

ಕಂಪ್ಯೂಟರ್ ಈ ಗುಡ್ಡಗಳಿಗೆ ಬಂದದ್ದು ಕಾಫಿಯ ಬೆಲೆಯ ಬೆನ್ನು ಹತ್ತಿ. 1994ರಲ್ಲಿ ಬ್ರೆಜಿಲ್ಲಿನ ತೋಟಗಳು ಹಿಮಕ್ಕೆ ಸಿಕ್ಕಿ ಸುಟ್ಟುಹೋದವು, ಇಲ್ಲಿ ಬೆಲೆ ಏರಿತು. ಅದೇ ಹೊತ್ತಿಗೆ, ಬೆಳೆಯನ್ನು ಕಾಫಿ ಬೋರ್ಡಿಗೇ ಒಪ್ಪಿಸಬೇಕಿದ್ದ ಪೂಲ್ ಪದ್ಧತಿ ಸಡಿಲವಾಗುತ್ತ ಬಂದು, 1996ರ ವೇಳೆಗೆ ಬೆಳೆಗಾರರು ತಮ್ಮ ಕಾಫಿಯನ್ನು ಪೂರ್ತಿಯಾಗಿ ತಾವೇ ಮಾರಿಕೊಳ್ಳುವಂತಾಯಿತು. ತಾನೇ ಮಾರುವವನಿಗೆ ಒಂದು ಚೀಲ ಕಾಫಿಗೆ ತನ್ನ ಖರ್ಚೆಷ್ಟು ಎಂಬುದು ಗೊತ್ತಿರಬೇಕು. ತೋಟದ ಆಫೀಸುಗಳಲ್ಲಿ ಹಸಿರು ಬಟ್ಟೆ ಹೊದ್ದ ಕಂಪ್ಯೂಟರ್ ಬಂದು ಕೂತಿತು. ನಾನು ಹಾಸನಕ್ಕೆ ಹೋಗಿ ಪ್ರೋಗ್ರಾಂ ಬರೆಯುವುದನ್ನು ಕಲಿತೆ. ಕೈಯಲ್ಲಿ ಬರೆಯುತ್ತಿದ್ದ ಅದೇ ಪುಸ್ತಕಗಳನ್ನು ವಿಷುಯಲ್ ಬೇಸಿಕ್, ಆಕ್ಸೆಸ್‌ನಲ್ಲಿ ಬರೆದುಕೊಡಲು ಶುರುಮಾಡಿದೆ.

ಒಂದೇ ಕಂಪ್ಯೂಟರ್ ಇದ್ದಷ್ಟು ಕಾಲ ತೊಂದರೆಯಿರಲಿಲ್ಲ. ಸಾಹುಕಾರರು ಬಂಗಲೆಯಲ್ಲೂ ಒಂದನ್ನು ಇಟ್ಟುಕೊಂಡು “ಅಲ್ಲಿಂದಲೇ ನೋಡೋ ಹಾಗೆ ಮಾಡಿಕೊಡಪ್ಪ” ಎಂದಾಗ ಕಷ್ಟ ಶುರುವಾಯಿತು. ಆಕ್ಸೆಸ್ ಫೈಲನ್ನು ತಂತಿಯ ಮೂಲಕ ಎರಡು ಕಡೆಯಿಂದ ತೆರೆಯಬಹುದು ನಿಜ. ಆದರೆ ಬರೆಯುವ ಹೊತ್ತಿನಲ್ಲಿ ಕರೆಂಟು ಹೋದರೆ ಫೈಲು ಕೆಡಬಹುದು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗದ ದಿನ ಯಾವುದು? ಇನ್ನು ಕನ್ನಡದ್ದು ಬೇರೆಯದೇ ಪಾಡು. ಬರಹ, ನುಡಿಯ ಅಕ್ಷರಗಳನ್ನು ಹಾಕಿರದ ಯಂತ್ರದಲ್ಲಿ ಕೂಲಿಯವರ ಹೆಸರುಗಳೆಲ್ಲ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿದ್ದವು. ಯೂನಿಕೋಡ್ ಬಂದು, ವಿಂಡೋಸ್ ಎಕ್ಸ್‌ಪಿ ಜೊತೆಗೆ ತುಂಗಾ ಅಕ್ಷರಶೈಲಿ ಬಂದ ಮೇಲೆ ಬ್ರೌಸರಿನಲ್ಲಿ ಕನ್ನಡ ಕನ್ನಡವಾಗಿ ಕಾಣತೊಡಗಿತು. ನನ್ನ ಮನಸ್ಸು ಬ್ರೌಸರಿನ ಕಡೆ ತಿರುಗಿದ್ದು ಆಗಲೇ.

ಬ್ರೌಸರ್ ಬೇಕೆಂದರೆ ಅದಕ್ಕೆ ಪುಟ ಕೊಡುವ ವೆಬ್ ಸರ್ವರ್ ಬೇಕು. ಅಪಾಚೆಯಂಥ ದೊಡ್ಡ ಸರ್ವರನ್ನು ತೋಟದ ಕಂಪ್ಯೂಟರಿನಲ್ಲಿ ಕೂರಿಸಬಹುದಿತ್ತು. ಆದರೆ ಆ ಯಂತ್ರ ಕೆಟ್ಟಾಗಲೆಲ್ಲ ಪೇಟೆಯ ರಿಪೇರಿ ಹುಡುಗ ಎಲ್ಲವನ್ನೂ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಬಿಡುತ್ತಿದ್ದ. ಆಮೇಲೆ ಸರ್ವರನ್ನೂ ಅದರ ಸೆಟ್ಟಿಂಗುಗಳನ್ನೂ ಮತ್ತೆ ಕೂರಿಸಲು ಹಾಸನದಿಂದ ನಾನೇ ಹೋಗಬೇಕು. ಅಷ್ಟಕ್ಕೂ ತೋಟದಲ್ಲಿ ಪುಟ ಕೇಳುವವರು ಎಷ್ಟು ಜನ? ಏಕಕಾಲಕ್ಕೆ ಹತ್ತು ಜನ ಕೇಳಿದರೆ ಹೆಚ್ಚು.

ಇದಕ್ಕೆ ದಾರಿ, ಸರ್ವರನ್ನು ಪ್ರೋಗ್ರಾಮಿನ ಹೊಟ್ಟೆಯೊಳಗೇ ಇಡುವುದು. ಸಂತೆಗೆ ಹೋಗದೆ ಮನೆಯ ಜಗಲಿಯಲ್ಲೇ ಅಂಗಡಿ ತೆರೆದ ಹಾಗೆ. ಲೆಕ್ಕ ಬರೆಯುವ ಪ್ರೋಗ್ರಾಮೇ 8080ರಂಥ ಒಂದು ಪೋರ್ಟ್ ತೆರೆದು ಕಿವಿಗೊಟ್ಟು ಕೂರುತ್ತದೆ. ಬ್ರೌಸರ್ “ಇಂಥ ಪುಟ ಕೊಡು” ಎಂದು ಕೇಳುತ್ತದೆ. ಪ್ರೋಗ್ರಾಂ ತನ್ನ ದತ್ತಾಂಶದಿಂದ ಅಂಕಿ ತೆಗೆದು, ಪುಟ ಕಟ್ಟಿ, ಹಿಂದಿರುಗಿಸುತ್ತದೆ. ಫೈಲನ್ನು ಮುಟ್ಟುವುದು ಆ ಒಂದೇ ಪ್ರೋಗ್ರಾಂ. ಉಳಿದವರೆಲ್ಲ ಅದನ್ನು ಕೇಳಬೇಕೇ ಹೊರತು ಫೈಲಿಗೆ ಕೈಹಾಕುವಂತಿಲ್ಲ. ಹೀಗಾಗಿ ಬಂಗಲೆಯ ಕಂಪ್ಯೂಟರ್ ಅರ್ಧದಲ್ಲಿ ಆರಿಹೋದರೂ ಲೆಕ್ಕ ಕೆಡುವುದಿಲ್ಲ.

ಜಾವಾದಲ್ಲಿ ಇಂಥ ಕೆಲಸಕ್ಕೆ 1995ರಿಂದಲೇ ಜೆಟ್ಟಿ ಇತ್ತು. ನಾನು ಆರಿಸಿಕೊಂಡದ್ದು ಸೆರ್ಗೆಯ್ ಲ್ಯುಬ್ಕಾ 2004ರಲ್ಲಿ ಶುರುಮಾಡಿದ ಮಾಂಗೂಸ್. ಸಿ ಭಾಷೆಯ ಒಂದು ಫೈಲು, ಅದರ ಜೊತೆಗೊಂದು ಹೆಡರ್ ಫೈಲು, ಅಷ್ಟೇ. ದತ್ತಾಂಶಕ್ಕೆ ರಿಚರ್ಡ್ ಹಿಪ್ ಅವರ ಎಸ್‌ಕ್ಯೂಲೈಟ್. ಅದೂ ಪ್ರೋಗ್ರಾಮಿನ ಒಳಗೇ ಸೇರಿಕೊಳ್ಳುವಂಥದ್ದು. 2013ರಲ್ಲಿ ಮಾಂಗೂಸ್‌ನ ಪರವಾನಗಿ ಬದಲಾಗಿ, ಹಳೆಯ ಮುಕ್ತ ಪರವಾನಗಿಯಲ್ಲೇ ಅದರಿಂದ ಸಿವೆಟ್‌ವೆಬ್ ಕವಲೊಡೆಯಿತು. ನಾನೂ ಅತ್ತ ಹೋದೆ. ಎಲ್ಲ ಸೇರಿ ಒಂದು ಫೈಲು. ಯಂತ್ರ ಕೆಟ್ಟರೆ ರೈಟರು ಪೆನ್‌ಡ್ರೈವಿನಿಂದ ಆ ಫೈಲನ್ನೂ ದತ್ತಾಂಶದ ಫೈಲನ್ನೂ ಎಳೆದುಹಾಕಿ ಕ್ಲಿಕ್ ಮಾಡಿದರಾಯಿತು. ಇಂಥ ಸಣ್ಣ, ತನ್ನಷ್ಟಕ್ಕೆ ಪೂರ್ತಿಯಾದ ಕೆಲಸಗಾರಿಕೆಯನ್ನು ಪ್ರಪಂಚಕ್ಕೆ ಬಿಟ್ಟುಕೊಟ್ಟ ಆ ಮಹನೀಯರಿಗೆ ನಾನು ಕೃತಜ್ಞ.

ಬಂಗಲೆಗೂ ಆಫೀಸಿಗೂ ನಡುವೆ ಎಳೆದಿದ್ದ ತಂತಿ ಸಿಡಿಲಿಗೆ ಸಿಕ್ಕಿದರೆ ಎರಡೂ ಕಡೆಯ ಯಂತ್ರ ಸುಡುತ್ತಿತ್ತು. ಅದನ್ನು ತೆಗೆದು ಎರಡು ವೈಫೈ ಆಂಟೆನಾಗಳನ್ನು ಎದುರುಬದುರು ನಿಲ್ಲಿಸಿದೆವು. ಅದರಿಂದ ಇನ್ನೊಂದು ಉಪಕಾರವೂ ಆಯಿತು. ಮೊದಲೆಲ್ಲ ಕತ್ತಲಾದ ಮೇಲೆ ರೈಟರು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಸಾಹುಕಾರರ ರುಜುವಿಗೆ ಬಂಗಲೆಗೆ ನಡೆಯಬೇಕಿತ್ತು. ಆನೆ ತೋಟದೊಳಗೇ ಬೀಡುಬಿಟ್ಟ ಮೇಲೆ ಆ ನಡಿಗೆ ಜೀವಕ್ಕೇ ಸಂಚಕಾರ. ಆಲೂರು, ಸಕಲೇಶಪುರ ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ಹೇಳಿತು. 2014ರ ವೇಳೆಗೆ 22 ಆನೆಗಳನ್ನು ಹಿಡಿದರು. ಆದರೂ ಆನೆ ಬರುವುದು ನಿಲ್ಲಲಿಲ್ಲ. ಸಂಜೆ ಆರಕ್ಕೆ ರೈಟರು ಲೈನ್ ಮನೆ ಸೇರಿ ಬಾಗಿಲು ಹಾಕಿಕೊಳ್ಳುವಂತಾದದ್ದೇ ಈ ಕೆಲಸದ ದೊಡ್ಡ ಲಾಭವೆಂದು ನಾನು ಈಗಲೂ ಹೇಳುತ್ತೇನೆ.

ಕಣದ ಹತ್ತಿರ ಎಲೆಕ್ಟ್ರಾನಿಕ್ ತಕ್ಕಡಿ ಬಂತು. ಅದರ ಸೀರಿಯಲ್ ಕೇಬಲ್ಲನ್ನು ಕಂಪ್ಯೂಟರಿಗೆ ಜೋಡಿಸಿ, ಪರದೆಯನ್ನು ಆಳುಗಳ ಕಡೆಗೆ ತಿರುಗಿಸಿ ಇಟ್ಟೆವು. ಚೀಲ ಇಟ್ಟ ಕೂಡಲೆ ಅವರ ನಂಬರು, ಫೋಟೋ, ಕಿಲೋ, ಆ ವಾರದ ಮೊತ್ತ ಎಲ್ಲ ಕಾಣುತ್ತದೆ. ಅಸ್ಸಾಮಿನಿಂದ ಬಂದ, ಕನ್ನಡ ಓದಲು ಬಾರದವರೂ ತಮ್ಮ ಮುಖ ನೋಡಿ, ಅಂಕಿ ನೋಡಿ ತಲೆಯಾಡಿಸುತ್ತಿದ್ದರು. 2016ರಲ್ಲಿ ಜಿಯೋ ಬಂದ ಮೇಲೆ ಲೈನ್ ಮನೆಯ ಮಕ್ಕಳ ಕೈಗೂ ಫೋನು ಬಂತು. ವೈಫೈ ಹಿಡಿದು, 192.168.1.10:8080 ಎಂದು ಒತ್ತಿ, ಅಮ್ಮನ ನಂಬರು, ನಾಲ್ಕಂಕಿಯ ಗುಟ್ಟಿನ ಸಂಖ್ಯೆ ಹಾಕಿದರೆ ಅಮ್ಮನ ಪುಟ ತೆರೆಯುತ್ತದೆ. ಎಷ್ಟು ದಿನ ಕೆಲಸ, ಎಷ್ಟು ತೂಕ, ಎಷ್ಟು ಮುಂಗಡ ಎಲ್ಲ ಅದರಲ್ಲೇ ಇರುತ್ತದೆ. ಮುಂಗಡದ ಜಗಳ ತೋಟಗಳಲ್ಲಿ ಹಳೆಯ ಕಾಯಿಲೆ. ಅಂಕಿ ಇಬ್ಬರ ಕಣ್ಣಿಗೂ ಬಿದ್ದ ಮೇಲೆ ಅದು ಬಹಳ ಮಟ್ಟಿಗೆ ಕಡಿಮೆಯಾಯಿತು.

ಒಬ್ಬರ ಪುಟ ಇನ್ನೊಬ್ಬರಿಗೆ ಕಾಣಬಾರದು, ಯಾರೂ ತಿದ್ದಲಾಗಬಾರದು ಎಂಬುದನ್ನು ಮೊದಲಿಂದಲೂ ಕಟ್ಟುನಿಟ್ಟಾಗಿ ಇಟ್ಟಿದ್ದೆ. ಫೋನುಗಳಿಂದ ಬರುವ ಕೋರಿಕೆಗಳಲ್ಲಿ ನೋಡುವಂಥವಕ್ಕೆ ಮಾತ್ರ ಉತ್ತರ. ಬರೆಯುವ ಕೋರಿಕೆ ಬರಬೇಕಾದರೆ 127.0.0.1ರಿಂದ, ಅಂದರೆ ಆಫೀಸಿನ ಅದೇ ಯಂತ್ರದಿಂದಲೇ ಬರಬೇಕು. ರೌಟರಿನಲ್ಲಿ ಹೊರಗಿನ ಇಂಟರ್‌ನೆಟ್ಟಿಗೆ ಕಿಂಡಿಯನ್ನೇ ತೆರೆದಿರಲಿಲ್ಲ.

ಮಳೆ ಪುಸ್ತಕವೂ ಇದೇ ದಾರಿ ಹಿಡಿಯಿತು. 2014ರಲ್ಲಿ ಇಎಸ್‌ಪಿ8266 ಎಂಬ ಅಗ್ಗದ ಚಿಪ್ ಬಂತು. ಉಗುರಗಲದ ಅದರೊಳಗೆ ವೈಫೈ ಇದೆ, ಒಂದು ವೆಬ್ ಪುಟ ಕೊಡುವಷ್ಟು ಶಕ್ತಿಯೂ ಇದೆ. ವಾಲುವ ಬಟ್ಟಲಿನ ಮಳೆಮಾಪಕಕ್ಕೆ ಅದನ್ನು ಜೋಡಿಸಿದೆವು. ಬಟ್ಟಲು ತುಂಬಿ ವಾಲಿದಾಗಲೆಲ್ಲ ಒಂದು ಎಣಿಕೆ. 25.4 ಮಿಲಿಮೀಟರಿಗೆ ಒಂದು ಇಂಚು, ಅಂದರೆ ನೂರು ಸೆಂಟು. ತೋಟದವರು ನಂಬುವುದು ಸೆಂಟನ್ನೇ, ಆದ್ದರಿಂದ ಪುಟವೂ ಸೆಂಟಿನಲ್ಲೇ ತೋರಿಸುತ್ತದೆ. ಫೆಬ್ರವರಿ, ಮಾರ್ಚಿನ ಹೂಮಳೆ ರಾತ್ರಿ ಎಷ್ಟು ಬಿತ್ತು ಎಂಬುದರ ಮೇಲೆ ಬೆಳಿಗ್ಗೆ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂಬ ತೀರ್ಮಾನ ನಿಂತಿದೆ. ಅರೆಬರೆ ಮಳೆ ಬಿದ್ದು ಹಾಗೇ ಬಿಟ್ಟರೆ ಹೂವು ಸರಿಯಾಗಿ ಅರಳದೆ ಆ ವರ್ಷದ ಫಸಲೇ ಕೈತಪ್ಪುತ್ತದೆ. ಕೆಳಗಿನ ಬ್ಲಾಕಿನಲ್ಲಿ ಎಂಬತ್ತು ಸೆಂಟು ಬಿದ್ದು ಮೇಲಿನ ಬ್ಲಾಕಿನಲ್ಲಿ ಇಪ್ಪತ್ತೇ ಬಿದ್ದದ್ದು ಬಂಗಲೆಯಲ್ಲಿ ಕೂತೇ ತಿಳಿಯುವಂತಾಯಿತು.

2018ರ ಆಗಸ್ಟ್ ಈ ಕೆಲಸಕ್ಕೆ ಪರೀಕ್ಷೆ ಇಟ್ಟಿತು. ಶಿರಾಡಿಯಲ್ಲಿ ಗುಡ್ಡ ಕುಸಿಯಿತು, ಸಕಲೇಶಪುರ, ಸುಬ್ರಹ್ಮಣ್ಯ ನಡುವಿನ ರೈಲು ನಿಂತುಹೋಯಿತು. ನಮ್ಮ ಕಡೆ ಕರೆಂಟಿಲ್ಲ, ಫೋನಿಗೆ ಸಿಗ್ನಲ್ಲಿಲ್ಲ. ತೋಟದ ಆಫೀಸಿನಲ್ಲಿ ಜನರೇಟರ್ ಹಾಕಿದಷ್ಟು ಹೊತ್ತು ಲೆಕ್ಕ ಎಂದಿನಂತೆ ನಡೆಯಿತು, ಬಟವಾಡೆ ಅದರ ದಿನಕ್ಕೇ ಆಯಿತು. ಬೇಕಾಗಿದ್ದ ಜಾಲ ಆಫೀಸಿನಿಂದ ಕಣಕ್ಕೆ, ಕಣದಿಂದ ಬಂಗಲೆಗೆ ಇದ್ದಷ್ಟೇ; ಬೆಂಗಳೂರಿನವರೆಗೆ ಬೇಕಿರಲಿಲ್ಲ.

ಈಗ ತಿಂಗಳ ಬಾಡಿಗೆಗೆ ದೊರೆಯುವ, ದೂರದ ಸರ್ವರಿನಲ್ಲಿ ಲೆಕ್ಕ ಇಡುವ ತಂತ್ರಾಂಶಗಳು ತೋಟಗಳಿಗೆ ಬಂದಿವೆ. ಮೈಸೂರಿನಲ್ಲಿ ಕೂತ ಮಗ ತೋಟದ ಲೆಕ್ಕ ನೋಡಬಹುದು, ಅದು ಒಳ್ಳೆಯದೇ. ಆದರೆ ಅವುಗಳಲ್ಲಿ ನಾನು ನೋಡಿದ ಕೆಲವು, ಗಾಳಿಮಳೆಗೆ ಸಿಗ್ನಲ್ ಹೋದ ಕ್ಷಣ ಕೈಚೆಲ್ಲಿ ಕೂರುತ್ತವೆ. ರೈಟರು ಮತ್ತೆ ಚೀಟಿಯಲ್ಲಿ ಬರೆದಿಟ್ಟು ಆಮೇಲೆ ತುಂಬುತ್ತಾರೆ. ಕೂಲಿಯವರು ತಮ್ಮ ಪುಟ ನೋಡುವ ಬಾಗಿಲಂತೂ ಅವುಗಳಲ್ಲಿ ಇಲ್ಲವೇ ಇಲ್ಲ.

ಹಾಸನದ ಕಾಲೇಜುಗಳಲ್ಲಿ ಕಲಿತು ಮಲೆನಾಡಿಗೆ ತಂತ್ರಾಂಶ ಬರೆಯಲು ಹೊರಟ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ಬರೆದು ಮುಗಿಸಿದ ಮೇಲೆ ಇಂಟರ್‌ನೆಟ್ ತಂತಿ ಕಿತ್ತು ಒಂದು ವಾರ ನಡೆಸಿ ನೋಡಿ, ಆಮೇಲೆ ತೋಟಕ್ಕೆ ಕೊಡಿ. ಹಣ್ಣು ಕೊಯ್ದವರು ತಮ್ಮ ತೂಕವನ್ನು ತಾವೇ ನೋಡುವ ಪುಟವನ್ನು ಮೊದಲ ದಿನವೇ ಅದರಲ್ಲಿ ಇಡಿ.