ಗುಡುಗು ಬೇರೆ, ಸಿಡಿಲು ಬೇರೆ

ಗಡಿಯಾಚೆಯ ಕನ್ನಡ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಕಾಸರಗೋಡು, ತಾಳವಾಡಿ, ಹೊಸೂರು. ತೇನಿ ಜಿಲ್ಲೆಯ ಕಂಬಂ ಕಣಿವೆ ಅಷ್ಟಾಗಿ ನೆನಪಾಗುವುದಿಲ್ಲ. ಶತಮಾನಗಳ ಹಿಂದೆ ಅಲ್ಲಿಗೆ ಬಂದು ನೆಲೆಸಿದ ಕಪ್ಪಿಲಿಯರ ಮನೆಗಳಲ್ಲಿ ಇವತ್ತಿಗೂ ಕನ್ನಡ ಕೇಳಿಸುತ್ತದೆ. ಓದು ಬರಹ ಮಾತ್ರ ತಮಿಳು.

ಬೇಸಿಗೆ ರಜೆಯಲ್ಲಿ ನಾವು ಕೆಲವು ಶಿಕ್ಷಕರು ಕಂಬಂ ಪಕ್ಕದ ಕಾಮಯಗೌಂಡನ್‌ಪಟ್ಟಿಗೆ ಹೋಗಿದ್ದೆವು. ಟೀವಿಯಲ್ಲಿ ಹವಾಮಾನ ವರದಿ ಬರುತ್ತಿತ್ತು: ತೇನಿ, ದಿಂಡಿಗಲ್ ಜಿಲ್ಲೆಗಳಲ್ಲಿ 'ಇಡಿ ಮಿನ್ನಲುಡನ್ ಕೂಡಿಯ ಮಳೈ', ಗಂಟೆಗೆ 40ರಿಂದ 50 ಕಿ.ಮೀ. ವೇಗದ ಗಾಳಿ. ನಮಗೆ ಅದು ಬರೀ ಅಂಕಿ. ಅಲ್ಲಿಯ ರೈತರಿಗೆ ಹಾಗಲ್ಲ. ಬಾಳೆಯ ದಿಂಡು ಮರವಲ್ಲ ನೋಡಿ, ಎಲೆಯ ಬುಡಗಳೇ ಸುತ್ತಿಕೊಂಡ ಕಂಬ. ಗೊನೆ ಹೊತ್ತು ತಲೆ ಭಾರವಾದ ಗಿಡ ಅಂಥ ಗಾಳಿಗೆ ಮುರಿದು ಬಿದ್ದರೆ ವರ್ಷದ ದುಡಿಮೆ ನೆಲಕ್ಕೆ. ಊರಿನವರು ಆಗಲೇ ಊರುಗೋಲು ಕೊಡಲು ತೋಟಕ್ಕೆ ಹೊರಟಿದ್ದರು.

ನಮ್ಮ ಮಾತು ಮಾತ್ರ 'ಇಡಿ' ಪದದ ಸುತ್ತ ನಿಂತಿತು. ತಮಿಳಿನ ಆಡುಮಾತಿನಲ್ಲಿ ಇಡಿ ಅಂದರೆ ಗುಡುಗೂ ಹೌದು, ಸಿಡಿಲೂ ಹೌದು. ಕನ್ನಡದಲ್ಲಿ ಮೂರು ಬೇರೆ ಬೇರೆ ಪದ. ಮಿಂಚು ಕಣ್ಣಿಗೆ, ಗುಡುಗು ಕಿವಿಗೆ, ಸಿಡಿಲು ನೆಲಕ್ಕೆ. ಕೊಲ್ಲುವುದು ಗುಡುಗಲ್ಲ, ಸಿಡಿಲು. ಆದರೂ ನಮ್ಮ ಮಕ್ಕಳು ಕಿವಿ ಮುಚ್ಚಿಕೊಂಡು ಹುಣಸೆಮರದ ಕೆಳಗೇ ನಿಲ್ಲುತ್ತಾರಲ್ಲ! 2022ರಲ್ಲಿ ನಮ್ಮ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಮಂದಿ.

ಈ ಮೂರು ಪದಗಳಲ್ಲೇ ಒಂದು ವಿಜ್ಞಾನ ಪಾಠ ಇದೆ. ಮೂರೂ ಹುಟ್ಟುವುದು ಒಂದೇ ಹೊತ್ತಿಗೆ. ಬೆಳಕು ತಕ್ಷಣ ತಲುಪುತ್ತದೆ, ಶಬ್ದಕ್ಕೆ ಒಂದು ಕಿ.ಮೀ. ಬರಲು ಸುಮಾರು 3 ಸೆಕೆಂಡು ಬೇಕು. ಮಿಂಚು ಕಂಡ ಮೇಲೆ ಎಣಿಸಲು ಹೇಳಿ. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಸಿಡಿಲು 10 ಕಿ.ಮೀ. ಒಳಗೇ ಇದೆ. ಆಟ ನಿಲ್ಲಿಸಿ ಕಟ್ಟಡದೊಳಗೆ ಬರಬೇಕು. ಎಣಿಸುವುದು ಕಲಿಕೆಗೆ ಅಷ್ಟೇ. ಬಯಲಿನಲ್ಲಿದ್ದರೆ ಗುಡುಗು ಕೇಳಿದ ಕೂಡಲೇ ಹೊರಡಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಹೋಗಬಾರದು. ಮರದಡಿ ಬೇಡ, ತಗಡಿನ ಚಪ್ಪರವೂ ಬೇಡ, ಕೆರೆಯಂತೂ ಬೇಡವೇ ಬೇಡ.

ಗಡಿನಾಡಿನ ನಮ್ಮ ಮಕ್ಕಳು ಎಚ್ಚರಿಕೆಯನ್ನು ಕೇಳುವುದು ತಮಿಳಿನಲ್ಲೋ ಮಲಯಾಳದಲ್ಲೋ. ಅರ್ಥ ಮಾಡಿಕೊಳ್ಳುವುದು ಮನೆಮಾತಿನಲ್ಲಿ. ನಡುವಿನ ಸೇತುವೆ ನಾವು, ಶಿಕ್ಷಕರು. ಶಾಲೆ ಶುರುವಾದ ಮೊದಲ ವಾರವೇ ಹಲಗೆಯ ಮೇಲೆ ಈ ಮೂರು ಪದ ಬರೆಯೋಣ. ನಿಮ್ಮೂರಲ್ಲಿ ಗಾಳಿ ಮಳೆಗೆ ಬೇರೆ ಪದಗಳಿದ್ದರೆ ಅವನ್ನೂ ಮಕ್ಕಳಿಂದಲೇ ಹೇಳಿಸಿ, ಪಕ್ಕದಲ್ಲಿ ಬರೆಸಿ.