ಏನೂ ಸಿಗದವರ ಪಾಲು

ಉಸಿರು ಎದೆಯ ಅರ್ಧಕ್ಕೇ ನಿಲ್ಲುತ್ತಿದೆ. ಒರತೆ ಬತ್ತಿದ ಬಾವಿಯಿಂದ ಕೊಡ ಅರ್ಧವೇ ತುಂಬಿ ಮೇಲೆ ಬರುವ ಹಾಗೆ, ಎಷ್ಟು ಎಳೆದರೂ ಅಷ್ಟೇ. ಎಳೆದದ್ದು ಹೊರಗೆ ಹೋಗುವ ಮೊದಲೇ ಮುಂದಿನದು ಬೇಕಾಗುತ್ತದೆ. ಮೂಗು ಬಾಯಿ ಮುಚ್ಚಿದ ಮಾಸ್ಕಿನ ಕೆಳಗೆ ಪ್ಲಾಸ್ಟಿಕ್ ಚೀಲವೊಂದು ನೇತಾಡುತ್ತಿದೆ, ನಿಮ್ಮ ಜೊತೆಗೇ ಕುಗ್ಗುತ್ತ ಉಬ್ಬುತ್ತ. ಗೋಡೆಯಿಂದ ನಿಮಿಷಕ್ಕೆ 15 ಲೀಟರ್ ಆಮ್ಲಜನಕ ಸುಯ್ಯೆಂದು ಹರಿಯುತ್ತಿದೆ. ಬೆರಳಿಗೆ ಕಚ್ಚಿಕೊಂಡ ಕ್ಲಿಪ್ಪು ಅಳೆಯುವ ರಕ್ತದ ಆಮ್ಲಜನಕದ ಲೆಕ್ಕ ಪಕ್ಕದ ಪರದೆಯ ಮೇಲೆ ಬರುತ್ತದೆ: 91, 90, 91. ನೋಡಬಾರದು ಅಂದುಕೊಳ್ಳುತ್ತೀರಿ. ನೋಡುತ್ತೀರಿ.

ಇದು 2020ರ ಏಪ್ರಿಲ್. ಇಂಗ್ಲೆಂಡಿನ ಆಕ್ಸ್‌ಫರ್ಡ್ ಊರು, ಹೆಡಿಂಗ್ಟನ್ ಗುಡ್ಡದ ಮೇಲಿರುವ ಜಾನ್ ರಾಡ್‌ಕ್ಲಿಫ್ ಆಸ್ಪತ್ರೆ. ಇಲ್ಲಿನ ವಿಶ್ವವಿದ್ಯಾಲಯದ ವೈದ್ಯ ವಿದ್ಯಾರ್ಥಿಗಳು ಕಲಿಯುವ, ಅವರ ಗುರುಗಳು ಸಂಶೋಧನೆ ಮಾಡುವ ಆಸ್ಪತ್ರೆ. ನೀವು ಈ ಊರಿಗೆ ಬಂದು ಮನೆ ಮಾಡಿಕೊಂಡ ಕನ್ನಡಿಗರು, ವಯಸ್ಸು ಐವತ್ತಾರು ಎಂದಿಟ್ಟುಕೊಳ್ಳಿ. ಹೆಂಡತಿ ಇದೇ ಊರಿನ ಕೌಲಿ ಬಡಾವಣೆಯ ಮನೆಯಲ್ಲಿದ್ದಾರೆ, ನಾಲ್ಕು ಮೈಲಿಯೂ ಇಲ್ಲ. ಬರುವಂತಿಲ್ಲ. ನೋಡಲು ಯಾರನ್ನೂ ಒಳಗೆ ಬಿಡುತ್ತಿಲ್ಲ.

ಆಸ್ಪತ್ರೆ ಎಂದರೆ ನಿಮಗೆ ಫಿನಾಯಿಲ್ ಮತ್ತು ಸ್ಪಿರಿಟ್ಟಿನ ವಾಸನೆ. ಇಲ್ಲಿ ಅದೂ ಇಲ್ಲ. ಸಂಜೆ ತಂದಿಟ್ಟ ಸೂಪಿಗೂ ವಾಸನೆಯಿಲ್ಲ, ಕೈಗೆ ಹಚ್ಚಿಕೊಂಡ ಸ್ಯಾನಿಟೈಸರಿಗೂ ಇಲ್ಲ. ರೋಗ ಮೊದಲು ಕಿತ್ತುಕೊಂಡದ್ದು ಅದನ್ನೇ. ಉಳಿದಿರುವುದು ಕಿವಿ. ಮಾನಿಟರಿನ ಕೂಗು, ಓಡಾಡುವವರ ಪ್ಲಾಸ್ಟಿಕ್ ಏಪ್ರನ್ನಿನ ಸರಪರ, ಪಕ್ಕದ ಹಾಸಿಗೆಯ ಹಿರಿಯರ ಒಣ ಕೆಮ್ಮು. ಅವರೂ ನೀವೂ ಮಾತಾಡಿಲ್ಲ, ಮಾತಿಗೆ ಇಬ್ಬರಲ್ಲೂ ಉಸಿರು ಉಳಿದಿಲ್ಲ. ಕಣ್ಣು ಕೂಡಿದಾಗ ಅವರು ಹುಬ್ಬು ಏರಿಸುತ್ತಾರೆ, ನೀವೂ ಏರಿಸುತ್ತೀರಿ. ಅದೇ ನಮಸ್ಕಾರ.

ಮಂಚದ ಬಳಿ ಒಬ್ಬ ವೈದ್ಯೆ ಬಂದು ನಿಲ್ಲುತ್ತಾರೆ. ಮುಖಕ್ಕೆ ಅಡ್ಡ ಪಾರದರ್ಶಕ ಹಾಳೆ, ಅದರ ಹಿಂದೆ ಮಾಸ್ಕು. ಕಾಣುವುದು ನಿದ್ದೆಗೆಟ್ಟ ಎರಡು ಕಣ್ಣು ಮಾತ್ರ. ಎದೆಯ ಮೇಲೆ ಅಂಟಿಸಿದ ಟೇಪಿನಲ್ಲಿ ಪೆನ್ನಿನಿಂದ ಬರೆದ ಹೆಸರು. ಕೈಯಲ್ಲಿ ಕಾಗದ.

"ಇದೊಂದು ಅಧ್ಯಯನ. ರಿಕವರಿ ಅಂತ ಹೆಸರು. ನಿಮಗೆ ಸೇರಲು ಇಷ್ಟವಿದೆಯಾ ಅಂತ ಕೇಳಬೇಕಿತ್ತು."

ಮಂಚದ ಮಟ್ಟಕ್ಕೆ ಬಗ್ಗಿ, ಆಮ್ಲಜನಕದ ಸದ್ದಿನ ಮೇಲೆ ಕೇಳಿಸುವಂತೆ ಜೋರಾಗಿ, ನಿಧಾನವಾಗಿ ಹೇಳುತ್ತಾರೆ. ಈ ರೋಗಕ್ಕೆ ಕೆಲಸ ಮಾಡುತ್ತದೆಂದು ಸಾಬೀತಾದ ಔಷಧ ಇನ್ನೂ ಒಂದೂ ಇಲ್ಲ. ಬೇರೆ ರೋಗಗಳಿಗೆ ಬಳಸುವ ಕೆಲವನ್ನು ಪರೀಕ್ಷಿಸುತ್ತಿದ್ದಾರೆ: ಎಚ್‌ಐವಿಗೆ ಕೊಡುವ ಲೋಪಿನಾವಿರ್-ರಿಟೊನಾವಿರ್, ಮಲೇರಿಯಾಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್, ಅಜಿತ್ರೋಮೈಸಿನ್, ಡೆಕ್ಸಾಮೆಥಾಸೋನ್ ಎಂಬ ಹಳೇ ಸ್ಟೀರಾಯ್ಡ್. ಒಪ್ಪಿದರೆ ಇವುಗಳಲ್ಲಿ ಒಂದು ಸಿಗಬಹುದು. ಯಾವುದೂ ಸಿಗದೆ ಮಾಮೂಲಿ ಚಿಕಿತ್ಸೆಯಷ್ಟೇ ಮುಂದುವರಿಯಬಹುದು.

"ಯಾರು ನಿರ್ಧರಿಸೋದು?"

"ಕಂಪ್ಯೂಟರ್. ಚೀಟಿ ಎತ್ತಿದ ಹಾಗೆ. ನಾನೂ ಆರಿಸುವಂತಿಲ್ಲ, ನೀವೂ ಆರಿಸುವಂತಿಲ್ಲ."

"ಯಾವುದು ಒಳ್ಳೇದು?"

"ನಮಗೆ ಗೊತ್ತಿಲ್ಲ."

ಹೊಟ್ಟೆಯೊಳಗೆ ತಣ್ಣಗೆ ಏನೋ ಇಳಿಯುತ್ತದೆ. ಹುಟ್ಟಿದಂದಿನಿಂದ ಯಾವ ಡಾಕ್ಟರ ಬಾಯಲ್ಲೂ ನೀವು ಈ ಮಾತು ಕೇಳಿಲ್ಲ. ಊರಿನಲ್ಲಿ ಡಾಕ್ಟರು ನಾಡಿ ಹಿಡಿದು ಚೀಟಿ ಬರೆಯುತ್ತಿದ್ದರು, ಅದರಲ್ಲಿ ಇದ್ದದ್ದೇ ಔಷಧ. ಈಕೆಯೋ ಇಂಥ ಊರಿನ ಇಂಥ ಆಸ್ಪತ್ರೆಯಲ್ಲಿ ನಿಂತು, ನಿಮ್ಮ ಕಣ್ಣಿಗೆ ಕಣ್ಣಿಟ್ಟು ಗೊತ್ತಿಲ್ಲ ಎನ್ನುತ್ತಿದ್ದಾರೆ. ಆ ಹೊತ್ತಿಗೆ ಅದು ಕೈಬಿಟ್ಟ ಹಾಗೆ ಕೇಳಿಸುತ್ತದೆ. ಆ ದಿನಗಳಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ಮಾತನ್ನು ಯಾವ ವೈದ್ಯರೂ ಆಡುವಂತಿರಲಿಲ್ಲ ಎಂದು ನಾನು ನಂಬುತ್ತೇನೆ.

"ಬೇಡ ಅಂದರೂ ಪರವಾಗಿಲ್ಲ. ನಿಮ್ಮ ಆರೈಕೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಒಪ್ಪಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಾಗಿಲ್ಲ."

ಫೋನು ಎದೆಯ ಮೇಲಿದೆ. ಮಾಸ್ಕು ಸರಿಸದೆ ಕಿವಿಗಿಡುತ್ತೀರಿ.

"ರೀ, ಕೇಳಿಸ್ತಿದೆಯಾ? ಸಹಿ ಮಾಡೋ ಮುಂಚೆ ಆ ಮಲೇರಿಯಾ ಮಾತ್ರೆನೇ ಕೊಡಿ ಅಂತ ಕೇಳಿ. ಹಾಸನದಿಂದ ನಿಮ್ಮ ತಂಗಿ ಆಗಲೇ ಫೋನ್ ಮಾಡಿದ್ಲು. ಅಲ್ಲಿ ಡಾಕ್ಟರುಗಳೇ ನುಂಗ್ತಿದಾರಂತೆ."

ತಂಗಿ ಹೇಳಿದ್ದು ಸುಳ್ಳಲ್ಲ. ಕೋವಿಡ್ ರೋಗಿಗಳನ್ನು ನೋಡಿಕೊಳ್ಳುವ ಸಿಬ್ಬಂದಿ ಮುಂಜಾಗ್ರತೆಗೆ ಅದನ್ನು ತೆಗೆದುಕೊಳ್ಳಲಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮಾರ್ಚಿನಲ್ಲೇ ಸಲಹೆ ಕೊಟ್ಟಿದೆ. ಅಮೆರಿಕದ ಅಧ್ಯಕ್ಷರು ಟಿವಿಯಲ್ಲಿ ಅದನ್ನೇ ಹೊಗಳಿದ್ದಾರೆ. ಸ್ಟೀರಾಯ್ಡಿನ ಹೆಸರು ಯಾರೂ ಎತ್ತುತ್ತಿಲ್ಲ. ಅದನ್ನು ವಾಡಿಕೆಯಾಗಿ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ದೇಹದ ಪ್ರತಿರೋಧವನ್ನು ತಗ್ಗಿಸುವ ಮದ್ದು ಅದು, ವೈರಸ್ಸಿಗೆ ಇನ್ನಷ್ಟು ದಾರಿಯಾದೀತು ಎಂಬ ಭಯ.

"ಕೇಳೋ ಹಾಗಿಲ್ವಂತೆ," ಎನ್ನುತ್ತೀರಿ. ಎರಡು ಪದಕ್ಕೆ ಎರಡು ಉಸಿರು.

ಆ ಕಡೆ ಮೌನ. ಆಮೇಲೆ, "ನಿಮಗೆ ಸರಿ ಅನ್ಸಿದ್ದು ಮಾಡಿ."

ಪೆನ್ನು ಕೈಗೆ ಬರುತ್ತದೆ. ಕೈಗವಸು ತೊಟ್ಟ ಕೈಯೊಂದು ಕಾಗದವನ್ನು ಅಲುಗದಂತೆ ಹಿಡಿದಿದೆ. ಬೇಡ ಎಂದರೆ ಏನು ಕಳೆದುಕೊಳ್ಳುತ್ತೀರಿ? ಗೊತ್ತಿಲ್ಲ. ಸರಿ ಎಂದರೆ? ಅದೂ ಗೊತ್ತಿಲ್ಲ. ನಿಮ್ಮ ದೇಹವನ್ನು ಒಂದು ಪ್ರಶ್ನೆಗೆ ಒಪ್ಪಿಸುತ್ತಿದ್ದೀರಿ, ಉತ್ತರ ಬರುವ ಹೊತ್ತಿಗೆ ನೀವು ಇರುತ್ತೀರೋ ಇಲ್ಲವೋ. ಬೆರಳು ನಡುಗುತ್ತದೆ. ಅಕ್ಷರಗಳು ಇಳಿಜಾರಾಗಿ ಇಳಿಯುತ್ತವೆ. ಸಹಿ ಬಿದ್ದಾಯಿತು.

ವೈದ್ಯೆ ಹೋಗಿ ಕಂಪ್ಯೂಟರಿನಲ್ಲಿ ಕೆಲವೇ ಪ್ರಶ್ನೆಗಳಿಗೆ ಉತ್ತರ ತುಂಬುತ್ತಾರೆ. ಪ್ರೊಫೆಸರ್ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೇ ಈ ಅಧ್ಯಯನವನ್ನು ಹೀಗೆಯೇ ಕಟ್ಟಿದ್ದಾರೆ, ದಣಿದ ವೈದ್ಯರೂ ನಡೆಸಬಲ್ಲಷ್ಟು ಸರಳವಾಗಿ. ಯೋಜನೆ ಬರೆದ ಒಂಬತ್ತೇ ದಿನಕ್ಕೆ, ಮಾರ್ಚ್ 19ರಂದು, ಮೊದಲ ರೋಗಿ ಸೇರಿದ್ದಾರೆ. ಈಗ ದೇಶದ ಉದ್ದಗಲಕ್ಕೂ ಆಸ್ಪತ್ರೆಗಳಲ್ಲಿ ಇದೇ ಕಾಗದ ಇಂಥವೇ ಮಂಚಗಳ ಬಳಿ ಬರುತ್ತಿದೆ.

ವೈದ್ಯೆ ವಾಪಸು ಬರುತ್ತಾರೆ. ಕಣ್ಣು ನೋಡಿದಾಗಲೇ ಗೊತ್ತಾಗುತ್ತದೆ.

"ಮಾಮೂಲಿ ಚಿಕಿತ್ಸೆ ಬಂದಿದೆ."

ಏನೂ ಇಲ್ಲ. ಇಷ್ಟೆಲ್ಲ ಆಗಿ, ಏನೂ ಇಲ್ಲ. ಆಮ್ಲಜನಕ, ಡ್ರಿಪ್ಪು, ಜ್ವರದ ಮಾತ್ರೆ, ನಿನ್ನೆ ಇದ್ದದ್ದೇ ಇವತ್ತೂ. ಗಂಟಲಿಗೆ ಸಿಟ್ಟು ಬರುತ್ತದೆ, ಅದಕ್ಕೂ ಉಸಿರು ಸಾಲದೆ ಅಲ್ಲೇ ಕೂರುತ್ತದೆ. ಪಕ್ಕದ ಹಿರಿಯರೂ ಸಹಿ ಮಾಡಿದ್ದಾರೆ. ಅವರಿಗೆ ಸಣ್ಣ ಲೋಟದಲ್ಲಿ ಮಾತ್ರೆ ಬರುತ್ತದೆ, ನರ್ಸ್ ಹೆಸರು ಹೇಳುವುದು ನಿಮಗೂ ಕೇಳಿಸುತ್ತದೆ: ಹೈಡ್ರಾಕ್ಸಿಕ್ಲೋರೋಕ್ವಿನ್. ಅವರು ನಿಮ್ಮತ್ತ ನೋಡಿ ಹುಬ್ಬು ಏರಿಸುತ್ತಾರೆ. ನೀವು ಮುಖ ಆಚೆ ತಿರುಗಿಸುತ್ತೀರಿ.

ರಾತ್ರಿ ಎಷ್ಟೊತ್ತೋ. 88. ಮಾನಿಟರು ಕೂಗುತ್ತದೆ. 86. ಚೀಲ ಕುಗ್ಗುತ್ತದೆ, ಉಬ್ಬುವುದಿಲ್ಲ. ಏಪ್ರನ್ನುಗಳು ಓಡಿ ಬರುತ್ತವೆ. ಯಾರೋ ಭುಜ ಹಿಡಿಯುತ್ತಾರೆ, ಯಾರೋ ಸೊಂಟ. "ಬೋರಲು ಮಲಗಬೇಕು, ಈಗಲೇ, ಕೈ ಮೇಲಕ್ಕೆತ್ತಿ." ಹೊರಳಿಸುತ್ತಾರೆ. ಕೆನ್ನೆ ದಿಂಬಿಗೆ ಒತ್ತುತ್ತದೆ. ಮಾಸ್ಕಿನ ಅಂಚು ಮೂಗಿನ ಮೂಳೆಗೆ ನಾಟುತ್ತದೆ. 85. "ಐಸಿಯುಗೆ ಹೇಳಿ." ಯಾರ ದನಿ? ಅಲ್ಲಿಗೆ ಹೋದವರನ್ನು ಮಲಗಿಸಿ ಗಂಟಲಿಗೆ ಕೊಳವೆ ಇಳಿಸುತ್ತಾರೆ, ಮತ್ತೆ ಏಳುತ್ತಾರೋ ಇಲ್ಲವೋ. ಎಳೆಯಿರಿ. ಬಿಡಿ. ಎಳೆಯಿರಿ. ಹೆಂಡತಿಯ ದನಿ, ಅಮ್ಮನ ದನಿ, ಎರಡೂ ಕಲಸಿಹೋಗಿವೆ. ಬಿಡಿ. ಎಳೆಯಿರಿ. 87. ಕೈಗವಸಿನ ಕೈಯೊಂದು ನಿಮ್ಮ ಕೈಯನ್ನು ಹಿಡಿದೇ ಇದೆ. 89. ಯಾರೂ ಮಾತಾಡುತ್ತಿಲ್ಲ. 90.

ಬೆಳಗಾದಾಗ ನೀವು ಇದೇ ವಾರ್ಡಿನಲ್ಲಿದ್ದೀರಿ. ಪಕ್ಕದ ಮಂಚಕ್ಕೆ ಹೊಸ ಹೊದಿಕೆ ಹಾಕಿದ್ದಾರೆ. ಹಿರಿಯರನ್ನು ರಾತ್ರಿಯೇ ಕೆಳಗೆ ಕರೆದೊಯ್ದರಂತೆ. ಅದಕ್ಕಿಂತ ಹೆಚ್ಚು ನಿಮಗೆ ಯಾರೂ ಹೇಳುವುದಿಲ್ಲ, ಅವರ ಹೆಸರೂ ನಿಮಗೆ ಗೊತ್ತಿಲ್ಲ. ತಿರುಗಿಸಿಕೊಂಡ ಮುಖದ ನೆನಪು ಮಾತ್ರ ಎದೆಯಲ್ಲಿ ಕೂತಿದೆ.

ಗುರುವಾರ ರಾತ್ರಿ ಎಂಟಕ್ಕೆ ಹೊರಗೆ ಚಪ್ಪಾಳೆ, ಪಾತ್ರೆ ಬಡಿಯುವ ಸದ್ದು. ದೇಶವೆಲ್ಲ ಆಸ್ಪತ್ರೆಯವರಿಗಾಗಿ ಬಾಗಿಲಿಗೆ ಬಂದು ನಿಂತಿದೆ. ಆಮ್ಲಜನಕ 15ರಿಂದ 10ಕ್ಕೆ, 4ಕ್ಕೆ ಇಳಿಯುತ್ತದೆ. ಕೊನೆಗೊಂದು ದಿನ ಗಾಲಿಕುರ್ಚಿಯಲ್ಲಿ ಬಾಗಿಲಿನವರೆಗೆ, ಅಲ್ಲಿಂದ ನಡೆದು ಕಾರಿಗೆ.

ಜೂನ್ 5. ಮನೆಯ ಸೋಫಾ, ಟಿವಿ. ಎಲ್ಲರೂ ಬೇಡಿದ ಮಲೇರಿಯಾ ಮಾತ್ರೆಯಿಂದ ಆಸ್ಪತ್ರೆಯ ರೋಗಿಗಳ ಸಾವು ಕಡಿಮೆಯಾಗಲಿಲ್ಲ ಎಂದು ರಿಕವರಿ ಅಧ್ಯಯನದ ಆ ಇಬ್ಬರು ಪ್ರೊಫೆಸರರು ಹೇಳುತ್ತಾರೆ. ಹೆಂಡತಿ ನಿಮ್ಮ ಮುಖ ನೋಡುತ್ತಾರೆ. ಜೂನ್ 16ರಂದು ಮತ್ತೊಂದು ಸುದ್ದಿ. ಯಾರೂ ಬೇಡದ ಆ ಸ್ಟೀರಾಯ್ಡು, 1950ರ ದಶಕದ ಅಗ್ಗದ ಡೆಕ್ಸಾಮೆಥಾಸೋನ್, ದಿನಕ್ಕೆ 6 ಮಿಲಿಗ್ರಾಮ್, ಹೆಚ್ಚೆಂದರೆ ಹತ್ತು ದಿನ, ಅದು ಜೀವ ಉಳಿಸಿದೆ. ವೆಂಟಿಲೇಟರಿನಲ್ಲಿದ್ದವರ ಪೈಕಿ ಮಾಮೂಲಿ ಚಿಕಿತ್ಸೆಯಲ್ಲಿ ನೂರಕ್ಕೆ 41 ಮಂದಿ ಸತ್ತರೆ, ಇದು ಸಿಕ್ಕವರಲ್ಲಿ 29. ಆಮ್ಲಜನಕದಲ್ಲಿದ್ದವರಲ್ಲಿ 26ರ ಬದಲು 23. ಆಮ್ಲಜನಕವೇ ಬೇಕಿಲ್ಲದವರಿಗೆ ಮಾತ್ರ ಅದರಿಂದ ಲಾಭವಿಲ್ಲ.

ನಿಮ್ಮ ಎದೆ ಒಮ್ಮೆ ಹಿಡಿದುಕೊಳ್ಳುತ್ತದೆ. ಆ ರಾತ್ರಿ 85ಕ್ಕೆ ಇಳಿದಾಗ ಆ ಮಾತ್ರೆ ನಿಮ್ಮೊಳಗೆ ಇರಬಹುದಿತ್ತು. ಕಂಪ್ಯೂಟರಿನ ಚೀಟಿ ಬೇರೆ ಬಿದ್ದಿದ್ದರೆ. ನೀವು ಉಳಿದಿರಿ, ಅದೇ ಚೀಟಿ ಬಿದ್ದ ಎಷ್ಟೋ ಜನ ಉಳಿಯಲಿಲ್ಲ.

ಇಲ್ಲಿ ನಿಮ್ಮ ಪಕ್ಕ ಕೂತು ಒಂದು ಮಾತು ಹೇಳಬೇಕೆನಿಸುತ್ತದೆ. ಸ್ಟೀರಾಯ್ಡ್ ಸಿಕ್ಕವರು 2104 ಜನ, ಅವರೊಡನೆ ಹೋಲಿಸಿ ನೋಡಿದ್ದು ಏನೂ ಸಿಗದ 4321 ಜನರನ್ನು. ಈ 4321 ಇಲ್ಲದಿದ್ದರೆ ಆ 2104ರಿಂದ ಏನೂ ತಿಳಿಯುತ್ತಿರಲಿಲ್ಲ. ಬದುಕಿದವರನ್ನು ನೋಡಿ ಔಷಧ ಬದುಕಿಸಿತು ಎನ್ನುತ್ತಿದ್ದೆವು, ಸತ್ತವರನ್ನು ನೋಡಿ ರೋಗ ಕೊಂದಿತು ಎನ್ನುತ್ತಿದ್ದೆವು. ಮಲೇರಿಯಾ ಮಾತ್ರೆ ನುಂಗಿ ಗುಣವಾದವರು ಲೋಕದ ತುಂಬ ಇದ್ದರು, ನುಂಗದಿದ್ದರೂ ಗುಣವಾಗುತ್ತಿದ್ದರು ಎಂದು ತೋರಿಸಿಕೊಟ್ಟವರು ನಿಮ್ಮಂಥವರು. ಮುಂದಿನ ಮಾರ್ಚ್ ಹೊತ್ತಿಗೆ ಆ ಸ್ಟೀರಾಯ್ಡಿನಿಂದ ಜಗತ್ತಿನಲ್ಲಿ ಹತ್ತು ಲಕ್ಷ ಜೀವ ಉಳಿದಿರಬಹುದು ಎಂದು ಬ್ರಿಟನ್ನಿನ ಆರೋಗ್ಯ ಸೇವೆ ಅಂದಾಜು ಮಾಡಿತು. ಅದರಲ್ಲಿ ನಿಮ್ಮ ಪಾಲಿದೆ, ಸಿಕ್ಕವರದಷ್ಟೇ.

ಭಾರತದ ಆರೋಗ್ಯ ಸಚಿವಾಲಯ ಜೂನ್ 27ರಂದೇ ಈ ಔಷಧವನ್ನು ತನ್ನ ಚಿಕಿತ್ಸಾ ಕ್ರಮಕ್ಕೆ ಸೇರಿಸಿತು. ಹಾಸನದ ನಿಮ್ಮ ತಂಗಿಯ ಊರಿಗೂ ನಿಮ್ಮ ಸಹಿಯ ಫಲ ಮುಟ್ಟಿತು. ಅರ್ಧ ಮಾತ್ರ ಮುಟ್ಟಿತು ಎನ್ನಲು ನೋವಾಗುತ್ತದೆ. 2021ರ ಎರಡನೇ ಅಲೆಯಲ್ಲಿ ಉಸಿರು ಚೆನ್ನಾಗಿಯೇ ಇದ್ದವರೂ ಮನೆಯಲ್ಲಿ ಸ್ಟೀರಾಯ್ಡ್ ನುಂಗಿದರು. ಸಕ್ಕರೆ ಕಾಯಿಲೆಯ ಜೊತೆಗೆ ಸ್ಟೀರಾಯ್ಡಿನ ಅತಿ ಬಳಕೆಯೂ ಕಪ್ಪು ಶಿಲೀಂಧ್ರದ ಸೋಂಕಿಗೆ ದಾರಿ ಮಾಡಿತೆಂದು ವೈದ್ಯರು ಎಚ್ಚರಿಸಿದರು, ಅದಕ್ಕೆ ಕಣ್ಣು ಕಳೆದುಕೊಂಡವರು ನಮ್ಮಲ್ಲೂ ಇದ್ದಾರೆ. ಆಮ್ಲಜನಕ ಬೇಕಿಲ್ಲದವರಿಗೆ ಇದು ಬೇಡ ಎಂಬುದನ್ನೂ ಆ ಅಧ್ಯಯನವೇ ಹೇಳಿತ್ತು.

ನಮ್ಮ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಇಂಥ ಅಧ್ಯಯನಗಳು ನಡೆಯುತ್ತವೆ. ಇಂಥದೇ ಕಾಗದ ನಿಮ್ಮ ಕೈಗೋ ನಿಮ್ಮ ಅಪ್ಪನ ಕೈಗೋ ಬಂದರೆ ಹೆದರಿ ದೂಡಬೇಡಿ, ಓದದೆ ಸಹಿಯನ್ನೂ ಹಾಕಬೇಡಿ. ಕನ್ನಡದಲ್ಲಿ ಕೊಡಿ ಎಂದು ಕೇಳಿ. ನೈತಿಕ ಸಮಿತಿ ಒಪ್ಪಿದೆಯೇ, ಅಧ್ಯಯನಗಳ ರಾಷ್ಟ್ರೀಯ ದಾಖಲೆಯಾದ ಸಿಟಿಆರ್‌ಐಯಲ್ಲಿ ನೋಂದಣಿಯಾಗಿದೆಯೇ, ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದು, ನಡುವೆ ಬಿಡಬಹುದೇ, ಎಲ್ಲ ಕೇಳಿ. ಯಾವುದು ಒಳ್ಳೆಯದೆಂದು ನಮಗಿನ್ನೂ ಗೊತ್ತಿಲ್ಲ ಎಂದು ವೈದ್ಯರು ಹೇಳಿದರೆ ಎದ್ದು ಹೋಗಬೇಡಿ. ಕುಳಿತು ಮುಂದಿನದನ್ನು ಕೇಳಿಸಿಕೊಳ್ಳಿ.